ವಾಲೆಟ್ಟಿನ ಮನೆತನ

ಪರದೆಯ ಮೇಲೆ ಹಸಿರು ಗುರುತು ಬಂದಿತ್ತು. ಆದರೂ ವಿಭಾ ಒಪ್ಪಿಗೆಯ ಬಟನ್ ಒತ್ತಲಿಲ್ಲ.

"ಮೇಡಂ, ಹಣ ಮುಂದಕ್ಕ ಬಿಟ್ಟುಬಿಡ್ರಿ. ದೊಡ್ಡ ಗಿರಾಕಿ, ಕಾಯಾಕತ್ತಾರ್ರಿ," ಎಂದು ಹುಬ್ಬಳ್ಳಿಯಿಂದ ಪ್ರಭು ಫೋನಿನಲ್ಲಿ ಅವಸರ ಮಾಡಿದರು. ಕ್ರಿಪ್ಟೊ ಕಂಪನಿಯಲ್ಲಿ ಅವಳ ಮೇಲಧಿಕಾರಿ ಅವರು. ಹಾನಗಲ್ಲಿನ ಮನೆಯಲ್ಲೇ ಕೂತು ಮಾಡುವ ಈ ಕೆಲಸ ಕಾಯಂ ಆಗಲು ಇನ್ನು ನಾಲ್ಕೇ ದಿನ. ಕಾಯಂ ಮಾಡುವ ಪತ್ರಕ್ಕೆ ಸಹಿ ಹಾಕಬೇಕಾದವರೂ ಅವರೇ.

"ಹತ್ತು ನಿಮಿಷ ಕೊಡ್ರಿ ಸರ್."

ಎದುರಿಗೆ ಚವಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆ ಗೋಪಿಕಾಬಾಯಿ ಕತ್ತೆತ್ತಿದರು. "ಏನಂತವಾ ಅದು?"

"ಯಾರದೋ ವಾಲೆಟ್ ಅತ್ಯಾರ. ಹಣದ ಚೀಲ ಅನ್ಕೋರಿ. ಇಂಥವರ ಕೂಡ ವ್ಯವಹಾರ ಬ್ಯಾಡ ಅಂತ ಸರಕಾರದವರು ಪಟ್ಟಿ ಮಾಡಿರ್ತಾರ. ಅದರಾಗ ಇಲ್ಲ ಅಂದ್ರ ಬಿಡಬೇಕು."

"ಇಲ್ಲಲ್ಲ ಮತ್ತ?"

"ಇಲ್ಲ. ಆದ್ರ ಮೊನ್ನೆ ಹುಟ್ಟೇದ, ಇವತ್ತ ಕೋಟಿ ಹೊತ್ಕೊಂಡು ಬಂದದ."

ಗೋಪಿಕಾಬಾಯಿಗೆ ನಗು ಬಂತು. ನಲವತ್ತು ವರ್ಷದಿಂದ ಹಾನಗಲ್ಲಿನಿಂದ ಸವಣೂರಿನವರೆಗೆ ಬಳಗದ ಲಗ್ನಗಳನ್ನು ಕೂಡಿಸುತ್ತ ಬಂದವರು ಅವರು. "ಬರೇ ವರನ ಹೆಸರು ಕೇಳಿ ಯಾರಾದ್ರೂ ಹೆಣ್ಣು ಕೊಡ್ತಾರೇನು? ಅವರವ್ವನ ತವರುಮನಿ ಯಾವುದು, ಅಜ್ಜಿ ತವರುಮನಿ ಯಾವುದು, ಕೇಳು. ಮೂರನೇ ಮನಿಗೆ ಹೋದ್ರ ಖರೇ ಹೊರಬೀಳ್ತದ."

ವಿಭಾ ಹಣ ಬಂದ ಜಾಡು ಹಿಡಿದು ಹಿಂದೆ ಹಿಂದೆ ಹೋದಳು. ಇದಕ್ಕೆ ಹಣ ಕೊಟ್ಟ ವಾಲೆಟ್ ಶುದ್ಧ. ಅದಕ್ಕೆ ಕೊಟ್ಟದ್ದೂ ಶುದ್ಧ. ಮೂರನೆಯದನ್ನು ತೆರೆದಾಗ ಪರದೆ ಕೆಂಪಾಯಿತು. ನಿಷೇಧದ ಪಟ್ಟಿಯಲ್ಲಿದ್ದ ವಾಲೆಟ್ ಅದು.

ಅವಳು ವ್ಯವಹಾರವನ್ನು ತಡೆದು, ತಾನೇ ಪ್ರಭುಗೆ ಫೋನ್ ಮಾಡಿದಳು. "ನಿಲ್ಲಿಸೇನಿ ಸರ್. ಪುರಾವೆ ಕಳಿಸೇನಿ, ನೋಡ್ರಿ."

ಪ್ರಭು ಪುರಾವೆಯನ್ನು ತೆರೆದು ಮೂರೂ ವಾಲೆಟ್ಟುಗಳನ್ನು ನೋಡಿದರು.

"ನಾ ಆಗಿದ್ರ ಹಸಿರು ನೋಡಿ ಬಿಟ್ಟುಬಿಡ್ತಿದ್ದೆ ಮೇಡಂ," ಎಂದರು. "ನಿಮ್ಮ ಕಾಯಂ ಪತ್ರ ಇವತ್ತ ಕಳಸ್ತೇನಿ."

ಫೋನ್ ಇಟ್ಟು ವಿಭಾ ಬುಟ್ಟಿಯ ಬಳಿ ಬಂದು ಕೂತು, ತಾನೂ ಒಂದು ಹಿಡಿ ಚವಳಿಕಾಯಿ ಎತ್ತಿಕೊಂಡಳು. "ಅತ್ಯಾರ, ನನ್ನ ನೋಡಾಕ ಬಂದಾಗ ನೀವು ಮೂರೂ ಮನಿ ಕೇಳಿದ್ರಿ. ನಮ್ಮಪ್ಪ ನಿಮ್ಮ ಕಡೆ ಎಷ್ಟು ಮನಿ ಕೇಳಿದ್ರು?"

ಗೋಪಿಕಾಬಾಯಿಯ ಬೆರಳಲ್ಲಿ ನಾರು ಅರ್ಧಕ್ಕೇ ನಿಂತಿತು.

"ಒಂದ," ಎಂದರು. "ಮೂರನೇದು ಕೇಳಿದ್ರ ನಿಮ್ಮಪ್ಪ ನಿನ್ನ ಕೊಡ್ತಿದ್ದಿಲ್ಲ."