ಬಲಗಿವಿ

ಜಯಶೀಲಾ ಗೋಣಿತಟ್ಟನ್ನು ನೀರಿಗೆ ಅದ್ದಿ, ಹಿಂಡಿ, ಜೇಡಿಮಣ್ಣಿನ ಆನೆಯ ಬಲಗಿವಿಗೆ ಮೆಲ್ಲಗೆ ಹೊದಿಸಿದಳು. ಇನ್ನು ಹೊದಿಸಿ ಪ್ರಯೋಜನವಿರಲಿಲ್ಲ. ಕಿವಿಯಿಂದ ಉದುರಿದ ಚೂರು ಅವಳ ಸೆರಗಿನ ಗಂಟಿನಲ್ಲಿತ್ತು.

ಶಾಲೆ ಬಿಡಿಸಿದ ಮೇಲೆ ಅಪ್ಪಾಜಿ ಅವಳಿಗೆ ವಹಿಸಿದ್ದ ಕೆಲಸ ಇದೊಂದೇ: ಅಚ್ಚು ತೆಗೆಯುವವರೆಗೆ ಮಣ್ಣು ಒಣಗದಂತೆ ನೋಡಿಕೊಳ್ಳುವುದು. ನಿನ್ನೆ ಅವಳು ಪಕ್ಕದ ಮನೆಯ ಸಣ್ಣಮ್ಮನ ಜೊತೆ ಭದ್ರಾವತಿಯಲ್ಲಿ ರೈಲು ಹತ್ತಿ, ಶಿವಮೊಗ್ಗದಲ್ಲಿ ಮ್ಯಾಟಿನಿ ನೋಡಿ ಬಂದಿದ್ದಳು. ಏಪ್ರಿಲ್ ಬಿಸಿಲು, ತಗಡಿನ ಶೆಡ್ಡು. ತೆಳ್ಳಗಿನ ಕಿವಿ ಮೊದಲು ಬಿರಿದಿತ್ತು. ಒಣಗಿದ ಚೂರು ಮತ್ತೆ ಅಂಟಲಿಲ್ಲ. ಒದ್ದೆ ಬೆರಳಿನಿಂದ ಅಂಚು ಸವರಿ, ಹರಿದ ಕಿವಿಯಂತೆ ಕಾಣುವ ಹಾಗೆ ಮಾಡಿದ್ದಳು.

ಅಪ್ಪಾಜಿ ಷಣ್ಮುಖಪ್ಪನವರು ಹೋಟೆಲುಗಳ ಗೋಡೆಗೆ ಹುಲಿ, ಕಡವೆ ಬರೆದು ಹೆಸರಾದವರು. ಈ ಆನೆ ಶಿವಮೊಗ್ಗದ ಪಾರ್ಕಿಗೆ. ಸಕ್ರೆಬೈಲು ಆನೆ ಬಿಡಾರದ ಗೌರಿಯ ಪ್ರತಿಮೆ. ಅವಳು ಸತ್ತು ವರ್ಷವಾಗಿತ್ತು. ಉಳಿದದ್ದು ಒಂದೇ ಫೋಟೋ. ಅದರಲ್ಲಿ ಮಾವುತ ಕೆಂಚಪ್ಪ ತಾನೇ ಆನೆಯ ಎಡಮಗ್ಗುಲು ಕಾಣುವಂತೆ ತಿರುಗಿಸಿ ನಿಲ್ಲಿಸಿದ್ದ. ಎಡಗಿವಿ ನೋಡಿಯೇ ಅಪ್ಪಾಜಿ ಬಲಗಿವಿಯನ್ನೂ ತಿದ್ದಿದ್ದರು. ನಾಳೆ ಅಚ್ಚು. ಅದಕ್ಕೆ ಮೊದಲು ಒಮ್ಮೆ ನೋಡಲಿ ಎಂದು ಕೆಂಚಪ್ಪನನ್ನು ಕರೆತರಲು ಮೊನ್ನೆ ಹೋಗಿದ್ದರು.

ಅಪ್ಪಾಜಿಯ ಕಣ್ಣಿಗೆ ಪೊರೆ ಬರುತ್ತಿತ್ತು. ಅವರಿಗೆ ಕಾಣದೆ ಹೋದರೂ ಹೋಗಬಹುದು. ಆನೆ ಸಾಕಿದವನಿಗೆ? ಅವನು ಒಂದು ಮಾತು ಆಡಿದರೆ ಈ ಶೆಡ್ಡಿಗೆ ಅವಳು ಮತ್ತೆ ಕಾಲಿಡುವಂತಿರಲಿಲ್ಲ.

ಸಂಜೆ ಇಬ್ಬರೂ ಬಂದರು. ತಟ್ಟು ತೆಗೆದವಳು ಅವಳೇ.

“ಗೌರೀನ ಸಾಕಿದೋನು ನೀನು ಮಾರಾಯ. ತಪ್ಪಿದ್ರೆ ಮುಖದ ಮೇಲೆ ಹೇಳಿಬಿಡು,” ಎಂದರು ಅಪ್ಪಾಜಿ.

“ಹೊಟ್ಟೆ ಸ್ವಲ್ಪ ಜಾಸ್ತಿ ಆಯ್ತು ಯಜಮಾನ್ರೇ. ಅವಳೇನಾದ್ರೂ ಇದನ್ನ ನೋಡಿದ್ರೆ ಎರಡು ದಿನ ಹುಲ್ಲು ಮುಟ್ತಿರ್ಲಿಲ್ಲ.” ಕೆಂಚಪ್ಪ ನಗುತ್ತ ಸೊಂಡಿಲು ಸವರಿದ. ಹಾಗೇ ಸುತ್ತಿಕೊಂಡು ಬಲಕ್ಕೆ ಬಂದ.

ನಗು ನಿಂತಿತು.

“ಯಾಕೋ, ಕಿವಿ ಸರಿ ಇಲ್ವಾ?”

ಅಪ್ಪಾಜಿ ಬಗ್ಗಿ ಕಿವಿಯಂಚಿನ ಮೇಲೆ ಬೆರಳಾಡಿಸಿದರು. ಹರಕಿನ ಬಳಿ ಬೆರಳು ತಡೆಯಿತು. ನಿಧಾನವಾಗಿ ಮಗಳ ಕಡೆ ತಿರುಗಿದರು. ಜಯಶೀಲಾ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದು, ಹೇಳಿಬಿಡಲು ಬಾಯಿ ತೆರೆದಳು.

ಅಷ್ಟರಲ್ಲಿ ಕೆಂಚಪ್ಪ ನೆಲಕ್ಕೆ ಕುಸಿದು ಕೂತಿದ್ದ.

“ನಿಮಗೆ ಯಾರು ಹೇಳಿದ್ರು ಯಜಮಾನ್ರೇ? ಅವತ್ತು ಕುಡಿದಿದ್ದೆ. ಅವಳ ಈ ಕಿವಿಗೇ ಅಂಕುಶ ಸಿಕ್ಕಿಸಿ ಎಳೆದುಬಿಟ್ಟೆ, ಹರಿದುಹೋಯ್ತು. ಫೋಟೋದಲ್ಲಿ ಕಾಣಬಾರದು ಅಂತಾನೇ ಆ ಕಡೆ ತಿರುಗಿಸಿ ನಿಲ್ಲಿಸಿದ್ದು...”

ಅಪ್ಪಾಜಿ ಮಗಳನ್ನೇ ನೋಡುತ್ತಿದ್ದರು. ಅವಳ ಬಾಯಿ ತೆರೆದಂತೆಯೇ ಇತ್ತು.

“ಊರೋರು ನೋಡೋ ಮುಂಚೆ ಆ ಹರಕು ಮುಚ್ಚಿಕೊಡಿ, ಯಜಮಾನ್ರೇ.”