ಬಳ್ಳಿಗೆ ಬಂದ ರೋಗ

ವೀಳ್ಯದೆಲೆ ಬಳ್ಳಿಯಲ್ಲಿ ಮತ್ತೆ ಕಪ್ಪು ಚುಕ್ಕೆಗಳೆದ್ದಿದ್ದವು. ರಾತ್ರಿಯಡುಗೆಗೆ ಅಕ್ಕಿ ತೊಳೆದಿಟ್ಟು ಹಿತ್ತಲಿಗೆ ಬಂದ ಸೊಸೆ, ಕೊಳೆತ ಎಲೆಗಳನ್ನು ಕತ್ತರಿಸಿ ಚೀಲಕ್ಕೆ ತುಂಬತೊಡಗಿದಳು. ಬೆಳಗಿನಿಂದ ಒಮ್ಮೆಯೂ ಕೂತಿರಲಿಲ್ಲ.

ಅತ್ತೆ ಚೊಂಬು ಹಿಡಿದು ಬಂದರು.

“ಇದು ಬೂಷ್ಟು ರೋಗವಂತೆ ಅತ್ತೆ. ಸಂಜೆ ಹೊತ್ತು ಎಲೆ ನೆನೀಬಾರ್ದಂತೆ. ಬುಡಕ್ಕೆ ಮಾತ್ರ ನೀರು ಹಾಕಿ ಅಂದ್ರು ನರ್ಸರಿಯವ್ರು.”

“ಈ ಮನೆಗೆ ಬಂದಾಗಿಂದ ನಾನು ಹೀಗೇ ಹಾಕ್ತಿರೋದು. ಆಗೆಲ್ಲ ಬರದೇ ಇರೋ ರೋಗ ಈಗ ಬಂತಾ? ಹೊರಗಾದಾಗ ನೀನೇ ಬಳ್ಳಿ ಮುಟ್ಟಿದೀಯ. ನಿಜ ಹೇಳು.”

ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯಾಕೆ ಇತ್ತ ತಿರುಗಿದಳು.

ಸೊಸೆ ಕತ್ತರಿ ಕೆಳಗಿಟ್ಟಳು. “ಹೌದು ಅತ್ತೆ. ಮರೆತು ಮುಟ್ಟಿಬಿಟ್ಟೆ.”

“ನಂಗೊತ್ತಿತ್ತು. ಇನ್ಮೇಲೆ ಆ ಮೂರು ದಿನ ಹಿಂದಿನ ಕೋಣೆಯಿಂದ ಆಚೆ ಕಾಲಿಡಕೂಡದು. ಊಟ, ಕಾಫಿ ನಾನೇ ತಂದಿಡ್ತೀನಿ. ಪಾತ್ರೆ, ಬಟ್ಟೆ, ಏನೂ ಮುಟ್ಬೇಡ.”

“ಆಗ್ಲಿ ಅತ್ತೆ.”

ಅತ್ತೆ ಚೊಂಬಿನ ನೀರನ್ನೆಲ್ಲ ಬಳ್ಳಿಯ ತಲೆಯ ಮೇಲೆ ಸುರಿದು ಒಳಗೆ ಹೋದರು.

ಪಕ್ಕದ ಮನೆಯಾಕೆ ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿದಳು. “ಅಲ್ಲಾ ಕಣ್ರೀ, ನಿಮಗೆ ಮುಟ್ಟು ನಿಂತು ವರ್ಷದ ಮೇಲಾಯ್ತು. ಡಾಕ್ಟ್ರ ಹತ್ರ ನಾನೇ ತಾನೆ ಜೊತೆಗೆ ಬಂದಿದ್ದು? ಮತ್ಯಾಕೆ ಒಪ್ಕೊಂಡ್ರಿ?”

ಸೊಸೆ ಒದ್ದೆಯಾದ ಎಲೆಗಳನ್ನು ಸೆರಗಿನಿಂದ ಒಂದೊಂದಾಗಿ ಒರೆಸತೊಡಗಿದಳು.

“ಆ ಮೂರು ದಿನಾನೂ ಹೋದ್ರೆ, ನಾನು ಮಲಗೋದು ಯಾವಾಗ?”