ಮೊದಲು ತೋರಿಸಿದವರು

ಗಂಡ ಹೆಂಡತಿ ಬೇರೆಯಾದ ಮೇಲೆ ಆರು ವರ್ಷದ ಮಗಳು ಅಪ್ಪನಿಗೆ ಭಾನುವಾರ ಮಾತ್ರ ಸಿಗುತ್ತಿದ್ದಳು. ಈ ಸಲ ಕ್ರಿಸ್‌ಮಸ್ ಬುಧವಾರ, ಅಂದರೆ ಅಮ್ಮನ ಪಾಲು. ಹಬ್ಬದ ಅಲಂಕಾರವನ್ನು ಅವಳು ತೋರಿಸುವ ಮೊದಲೇ ತಾನು ತೋರಿಸಿಬಿಡಬೇಕೆಂದು ಅವನು ಮೂರು ದಿನ ಮುಂಚೆಯೇ ಮಗಳನ್ನು ನಗರದ ದೊಡ್ಡ ಮಾಲ್‌ಗೆ ಕರೆತಂದ.

ಮೂರು ಮಹಡಿ ಎತ್ತರದ ಕ್ರಿಸ್‌ಮಸ್ ಮರದ ಕೆಳಗೆ ಮಗಳು ಬಾಯಿ ತೆರೆದು ನಿಂತಳು.

"ಎಷ್ಟು ದೊಡ್ಡದಿದೆ ಅಲ್ವಾ ಅಪ್ಪಾ."

"ಅಮ್ಮ ಇಲ್ಲಿಗೆ ಕರ್ಕೊಂಡು ಬಂದಿದ್ಲಾ?"

"ಇಲ್ಲಪ್ಪ. ನೀನೇ ಫಸ್ಟು."

"ನಿಮ್ಮಮ್ಮಂಗೆ ಎಲ್ಲಿ ಟೈಮಿರುತ್ತೆ ಬಿಡು."

ಕೋರ್ಟಿನಲ್ಲಿ ಸಿಗದ ಗೆಲುವು ಇಲ್ಲಿ ಸಿಕ್ಕಷ್ಟು ಖುಷಿಯಾಯಿತು ಅವನಿಗೆ. ಮೇಲಿನಿಂದ ಉದುರುತ್ತಿದ್ದ ಹಿಮದಲ್ಲಿ ಅವಳನ್ನು ನಿಲ್ಲಿಸಿ ಫೋಟೊ ತೆಗೆದ. ಮನೆಗೆ ಹೋದ ತಕ್ಷಣ ಸ್ಟೇಟಸ್‌ಗೆ ಹಾಕಬೇಕು, ಹೆಂಡತಿ ನೋಡಲಿ.

"ಇದು ನಿಜವಾದ ಹಿಮಾನಾ ಅಪ್ಪಾ?"

"ಅಲ್ಲ ಪುಟ್ಟಿ, ಸೋಪಿನ ನೊರೆ."

"ಹೌದಾ," ಎಂದು ಅವಳು ಕಣ್ಣರಳಿಸಿದಳು.

ಸಾಂತಾಕ್ಲಾಸ್ ಎಲ್ಲಿ ಕೂತಿದ್ದಾನೆಂದು ಅವನು ಗಾರ್ಡ್‌ನನ್ನು ಕೇಳುವಷ್ಟರಲ್ಲಿ ಮಗಳು ಎಸ್ಕಲೇಟರ್ ಹತ್ತಿಯಾಗಿತ್ತು. ಬುದ್ಧಿಯೆಲ್ಲ ತನ್ನದೇ ಬಂದಿದೆ ಎಂದುಕೊಳ್ಳುತ್ತ ಅವನು ಹಿಂದೆಯೇ ಓಡಿದ.

ಅರ್ಧ ಗಂಟೆ ಕ್ಯೂ ನಿಂತ ಮೇಲೆ ಅವರ ಸರದಿ ಬಂತು. ಸಾಂತಾ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ಹತ್ತಿಯ ಗಡ್ಡ ಸರಿಮಾಡಿಕೊಂಡು, ಹಲ್ಲು ಬಿಟ್ಟು ನಿಂತಿದ್ದ ಅಪ್ಪನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ.

"ಮೊನ್ನೆ ಅಜ್ಜಿ, ನಿನ್ನೆ ಅಮ್ಮ. ಇವತ್ತು ಯಾರನ್ನ ಕರ್ಕೊಂಡು ಬಂದಿದ್ದೀಯಮ್ಮ?"